ಮೂರನೆಯ ಪದರ

ಮೊದಲನೆಯದು ಹತ್ತಿ. ಚರ್ಮಕ್ಕೆ ತಾಗುವುದು ಅದೇ,
ಆದ್ದರಿಂದ ದಾರದ ಗಂಟು ಒಳಮೈಯಲ್ಲಿ ಉಳಿಯಕೂಡದು.
ಎರಡನೆಯದು ಬೆವರು ಹೀರಿ ಆಚೆ ದಾಟಿಸುವ ಜಾಲರಿ.
ಮೂರನೆಯದು ಕಾವು ಹಿಡಿದಿಡುವ ತುಪ್ಪುಳ.
ನಾಲ್ಕನೆಯದು ಬೆಳ್ಳಿಬಣ್ಣದ ತೆಳು ಹಾಳೆ;
ಕಾವನ್ನು ಬಂದ ದಾರಿಗೇ ಹಿಂದಟ್ಟುತ್ತದೆ ಎನ್ನುತ್ತಾರೆ ಮಾರುವವರು.
ನಾನು ಹೊಲಿಯುವವಳು, ನನಗೆ ಗೊತ್ತಿರುವುದು
ಸೂಜಿಯ ಕೆಳಗೆ ಅದು ಚರಚರ ಅನ್ನುತ್ತದೆ ಎಂಬುದಷ್ಟೇ.
ಐದನೆಯದು ಗಾಳಿ ತಡೆಯುವ ಹೊರಬಟ್ಟೆ, ಬೂದುಬಣ್ಣ,
ಕೊಳೆ ಕಾಣದಿರಲಿ ಅಂತ.

ಸೊಲೊಂಬಲಾ ದ್ವೀಪದಲ್ಲಿ, ಹಳೆಯ ಬ್ರೆಡ್ಡಂಗಡಿಯ ಹಿಂದೆ
ನಮ್ಮ ಹೊಲಿಗೆಮನೆ. ನಾಲ್ಕು ಯಂತ್ರ, ಮೂವರು ಹೆಂಗಸರು;
ನಾಲ್ಕನೆಯದರ ಮೇಲೆ ಚಹಾದ ಕೆಟಲ್ಲು.
ಮಂಡಿಪಟ್ಟಿ, ಮೊಣಕೈಪಟ್ಟಿ, ಸೊಂಟಕ್ಕೆ ಅಗಲದ ಪಟ್ಟಿ.
ದ್ವಿನಾ ನದಿ ಅಂಚಿನಲ್ಲಿ ಹೆಪ್ಪುಗಟ್ಟತೊಡಗಿತೆಂದರೆ
ಊರಿನ ಕೀಲುಗಳೆಲ್ಲ ಒಂದೊಂದಾಗಿ
ನಮ್ಮ ಬಾಗಿಲು ತಟ್ಟುತ್ತವೆ.

ಯೆವ್ಲಂಪಿ ಬಂದದ್ದೂ ಹಾಗೆಯೇ.
ಮೆಟ್ಟಿಲು ಮೂರೇ; ಅವನು ಏರಿ ಬರುವಷ್ಟರಲ್ಲಿ
ನಾನು ಒಂದು ಪಟ್ಟಿಯ ಅಂಚು ಮಡಿಚಿ ಮುಗಿಸಿದ್ದೆ.
ಮೂವತ್ತೊಂದು ವರ್ಷ ನದಿಯಲ್ಲಿ ದಿಮ್ಮಿ ತೇಲಿಸಿದವನು,
ತೊಡೆಮಟ್ಟ ನೀರಲ್ಲಿ ನಿಂತು, ಕೊಕ್ಕೆಗೋಲು ಹಿಡಿದು.
‘ಮರವೆಲ್ಲ ಕಾರ್ಖಾನೆಗೆ ಹೋಯಿತು,
ನೀರು ಮಾತ್ರ ನನ್ನ ಮಂಡಿಯಲ್ಲೇ ಉಳಿಯಿತು’ ಅಂದ.

ಪ್ಯಾಂಟು ಮಡಿಚಿ ಅಳತೆ ತೆಗೆದೆ.
ಎಡಮಂಡಿ ನಲವತ್ತೆರಡು ಸೆಂಟಿಮೀಟರ್, ಬಲದ್ದು ನಲವತ್ತಾರು.
ಒಂದೇ ಒಡಲಲ್ಲಿ ಹುಟ್ಟಿದ್ದು,
ಈಗ ದಾಯಾದಿಗಳ ಹಾಗೆ ಮುಖ ತಿರುಗಿಸಿಕೊಂಡಿದ್ದವು.

ಆಮೇಲೆ ಕೋಟಿನ ಒಳಗಿಂದ ತೆಗೆದ
ಒಂದು ದಿಂಬಿನ ಗವಸು. ಬಾಯಿಗೆ ದಾರ ಕಟ್ಟಿತ್ತು.
‘ಪುರ್ಗಾ’ ಅಂದ.
ನಮ್ಮ ಮಾತಿನಲ್ಲಿ ಪುರ್ಗಾ ಅಂದರೆ ಹಿಮದ ಬಿರುಗಾಳಿ;
ಅವನ ಮನೆಯಲ್ಲಿ ಅದು ಹೆಣ್ಣುನಾಯಿ.
ನಾಲ್ಕು ವಸಂತ ಬಾಚಿ ಕೂಡಿಟ್ಟ ಕೂದಲು,
ಬಿಳಿ, ನಡುನಡುವೆ ಹೊಗೆಬಣ್ಣ.
ಐದನೆಯ ವಸಂತಕ್ಕೆ ಬಾಚಲು ಅವಳಿರಲಿಲ್ಲ.
‘ಇದನ್ನು ನಡುವೆ ಇಡು.’

ನಿಯಮ ಹೇಳಿದೆ. ಮೂರನೆಯ ಪದರಕ್ಕೆ ಕಾರ್ಖಾನೆಯ ತುಪ್ಪುಳವೇ ಆಗಬೇಕು,
ಚೀಟಿಯಲ್ಲಿ ಅಚ್ಚಾಗಿದೆ, ತೊಳೆಯುವ ನೀರು ಎಷ್ಟು ಬಿಸಿ ಅನ್ನುವುದೂ.
ಅವನು ವಾದಿಸಲಿಲ್ಲ. ಗವಸನ್ನು ಮೇಜಿನ ಮೇಲೇ ಬಿಟ್ಟು
ಇಳಿಯತೊಡಗಿದ. ಇಳಿಯುವುದು
ಏರುವುದಕ್ಕಿಂತ ಕಷ್ಟ, ಮಂಡಿ ಸವೆದವರಿಗೆ ಗೊತ್ತು.
ಮೈ ಪಕ್ಕಕ್ಕೆ ತಿರುಗಿಸಿ, ಏಡಿಯ ಹಾಗೆ,
ಒಂದು. ಎರಡು. ಸ್ವಲ್ಪ ನಿಂತು,
ಮೂರು.

ಆ ಸಂಜೆ ಫೆವ್ರೋನ್ಯಾ, ಅಗ್ನಿಯಾ ಮನೆಗೆ ಹೋದ ಮೇಲೆ
ಕೂದಲನ್ನು ಸೋಪಿನ ನೀರಲ್ಲಿ ತೊಳೆದೆ, ಎರಡು ಸಲ.
ಒಲೆಯ ಪಕ್ಕ ಒಣಗಿಸಿ, ಹಿಂಜಿ, ಹರಡಿ,
ಜರುಗದ ಹಾಗೆ ಚೌಕ ಚೌಕವಾಗಿ ಹೊಲಿಗೆ ಹಾಕಿದೆ.
ಬಲಮಂಡಿಗೆ ಒಂದು ಹಿಡಿ ಹೆಚ್ಚು.
ಹೆಬ್ಬೆರಳ ಗೆಣ್ಣು ಚುಳ್ ಅನ್ನುತ್ತಿತ್ತು; ಹೇಳುವಂಥದ್ದೇನಲ್ಲ,
ಕತ್ತರಿ ಹಿಡಿದು ಇಪ್ಪತ್ತಾರು ವರ್ಷ,
ಬೆರಳಿಗೆ ಪಟ್ಟಿಯ ಅಳತೆ ನಮ್ಮ ಪುಸ್ತಕದಲ್ಲಿಲ್ಲ.
ಚೀಟಿ ಮಾತ್ರ ಹೊಲಿಯಲಿಲ್ಲ. ಸುಳ್ಳು ಯಾಕೆ.

ಡಿಸೆಂಬರಿನಲ್ಲಿ ಸಿಕ್ಕ, ಹಲಗೆ ಹಾಸಿದ ಕಾಲುದಾರಿಯಲ್ಲಿ.
ಮಧ್ಯಾಹ್ನ ಎರಡಕ್ಕೇ ಬೀದಿದೀಪ ಹತ್ತಿತ್ತು.
‘ನೋವು ಹೋಯಿತಾ?’
‘ಎಲ್ಲಿಗೆ ಹೋಗುತ್ತೆ ಅದು? ಇದೆ.
ಈಗ ಬೆಚ್ಚಗೆ ಕೂತಿದೆ.’

ಆಮೇಲೆ ದನಿ ತಗ್ಗಿಸಿ ದೂರು ಹೇಳಿದ:
ಹಿಮ ಕರಗಿ ಪಟ್ಟಿ ನೆನೆದರೆ ನಾಯಿಯ ವಾಸನೆ.
ಬಸ್ಸಿಗೆ ಕಾಯುವಾಗ ಬೀದಿನಾಯಿಗಳು ಬಂದು
ಮೊದಲು ಎಡಮಂಡಿ ಮೂಸುತ್ತವೆ, ಆಮೇಲೆ ಬಲದ್ದು,
ತಲೆಯೆತ್ತಿ ಇವನ ಮುಖ ನೋಡುತ್ತವೆ,
ಮತ್ತೆ ಇವನ ಬೆನ್ನ ಹಿಂದೆ ಹೋಗಿ
ಯಾರನ್ನೋ ಹುಡುಕುತ್ತವೆ.

ಎರಡು ಸಲ ತೊಳೆದಿದ್ದೆನಲ್ಲ, ಅಂದೆ.
ತಂದುಕೊಡು, ಬಿಚ್ಚಿ ಇನ್ನೊಮ್ಮೆ ತೊಳೆದುಬಿಡುತ್ತೇನೆ.

ಮಂಡಿಯ ಮೇಲೆ ಎರಡೂ ಕೈ ಊರಿ
ಅವನು ಒಂದು ಹೆಜ್ಜೆ ಹಿಂದೆ ಸರಿದ.